ದಾರಿ ತಪ್ಪಿದ ತಾತ, ದಾರಿ ತೋರಿದ ಮೊಮ್ಮಗ

ಐದಾರು ವರ್ಷಗಳ ಹಿಂದೆ ಅಮೆರಿಕದ ಮಿಲ್ವಾಕಿ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಕ್ಟೋಬರ್ ತಿಂಗಳು. "ಅಪ್ಪಾ, ಮರಗಳೆಲ್ಲ ಬಣ್ಣ ತಿರುಗಿವೆ, ಕಾಡಿಗೆ ಹೋಗೋಣ" ಎಂದಳು ಮಗಳು. ಪುಳಿಯೋಗರೆ, ಚಕ್ಕುಲಿ ಕಟ್ಟಿಕೊಂಡು ಹೊರಟೆವು. ಉತ್ತರಕ್ಕೆ ಸುಮಾರು ಒಂದು ಗಂಟೆಯ ದಾರಿ. ಕಾಡಿನ ಹೆಸರು ಕೆಟಲ್ ಮೊರೇನ್.

"ಕೆಟಲ್ ಅಂದರೆ ಚಹಾ ಪಾತ್ರೆಯಲ್ಲವೇನೋ?" ಎಂದು ಒಂಬತ್ತು ವರ್ಷದ ಮೊಮ್ಮಗನನ್ನು ಕೇಳಿದೆ. ಅವನು ಶಾಲೆಯಲ್ಲಿ ಕಲಿತದ್ದನ್ನು ವಿವರಿಸಿದ.

10,000 ವರ್ಷಗಳಿಗೂ ಬಹಳ ಹಿಂದೆ ಇಲ್ಲಿ ಕಾಡಿರಲಿಲ್ಲ, ಬೆಟ್ಟದೆತ್ತರದ ಹಿಮವಿತ್ತು. ಆ ಹಿಮ ಎರಡು ನಾಲಗೆಗಳಂತೆ ಚಾಚಿಕೊಂಡಿತ್ತು. ಒಂದು ಗ್ರೀನ್ ಬೇ ಕಡೆಯಿಂದ, ಇನ್ನೊಂದು ಮಿಷಿಗನ್ ಸರೋವರದ ಕಡೆಯಿಂದ. ಇವೆರಡರ ನಡುವೆ ಬಿದ್ದ ಮರಳು, ಜಲ್ಲಿ, ಬಂಡೆಗಳ ರಾಶಿಯೇ ಮೊರೇನ್. ಜಲ್ಲಿಯಡಿ ಹೂತುಹೋದ ದೊಡ್ಡ ಹಿಮದ ಗಡ್ಡೆಗಳು ನಿಧಾನವಾಗಿ ಕರಗಿದಾಗ ಮೇಲಿನ ನೆಲ ಕುಸಿದು ಕೊಪ್ಪರಿಗೆಯಂಥ ಗುಂಡಿಗಳಾದವು. ಅವೇ ಕೆಟಲ್. ಕೆಲವು ಈಗ ಕೆರೆಗಳಾಗಿವೆ. ಹಿಮದಡಿಯ ಸುರಂಗಗಳಲ್ಲಿ ಹರಿದ ನದಿಗಳು ಬಿಟ್ಟುಹೋದ ಜಲ್ಲಿ, ಹಾವಿನಂತೆ ಡೊಂಕಾದ ಉದ್ದನೆಯ ದಿಬ್ಬವಾಗಿ ನಿಂತಿದೆ. ಅದಕ್ಕೆ ಎಸ್ಕರ್ ಎನ್ನುತ್ತಾರೆ.

ಈ ಕಾಡಿನೊಳಗೆ 'ಐಸ್ ಏಜ್ ಟ್ರೇಲ್' ಎಂಬ ಕಾಲುದಾರಿ ಹಾದುಹೋಗುತ್ತದೆ. ಹಿಮದ ಗುರುತುಗಳನ್ನೇ ಹಿಡಿದು ವಿಸ್ಕಾನ್ಸಿನ್ ರಾಜ್ಯದಲ್ಲಿ ಸುಮಾರು 1,900 ಕಿಲೋಮೀಟರ್ ಸಾಗುವ ದಾರಿ ಅದು. 1980ರಲ್ಲಿ ಅದಕ್ಕೆ ರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ದಾರಿಯುದ್ದಕ್ಕೂ ಮರಗಳ ಮೇಲೆ ಹಳದಿ ಬಣ್ಣದ ಪಟ್ಟಿ ಬಳಿದಿರುತ್ತಾರೆ.

ಪಾರ್ನೆಲ್ ಎಂಬಲ್ಲಿ 60 ಅಡಿ ಎತ್ತರದ ಮರದ ಗೋಪುರವಿತ್ತು. ಮಂಡಿ ಹಿಡಿದುಕೊಂಡೇ ಹತ್ತಿದೆ. ಮೇಲಿಂದ ನೋಡಿದರೆ ಕೆಂಪು, ಹಳದಿ, ಕಿತ್ತಳೆ ಬಣ್ಣದ ಅಲೆಗಳು! ಊಟವಾದ ಮೇಲೆ ಮಗಳು, ಅಳಿಯ ಕೈಗೂಸಿನ ಜೊತೆ ಕೂತರು. ನಾನೂ ಮೊಮ್ಮಗನೂ ಒಂದು ಸುತ್ತು ನಡೆಯಲು ಹೊರಟೆವು.

ಸ್ವಲ್ಪ ದೂರದಲ್ಲಿ ಅಗಲವಾದ ಇನ್ನೊಂದು ದಾರಿ ಕಂಡಿತು. "ಇದು ಹತ್ತಿರದ ದಾರಿ, ಬಾ" ಎಂದೆ.

"ತಾತ, ಇಲ್ಲಿ ಹಳದಿ ಪಟ್ಟಿ ಇಲ್ಲ."

"ನನಗೆ ದಿಕ್ಕು ಗೊತ್ತು ಕಣೋ" ಎಂದು ಗದರಿದೆ.

ಅರ್ಧ ಗಂಟೆ ಕಳೆಯಿತು. ದಿಬ್ಬ ಹತ್ತಿದರೆ ಗುಂಡಿ, ಗುಂಡಿ ಇಳಿದರೆ ದಿಬ್ಬ. ಎಲ್ಲವೂ ಒಂದೇ ಥರ! ದೂರದ್ದೇನೂ ಕಾಣದು. ಮೊಬೈಲಿಗೆ ಸಿಗ್ನಲ್ ಇಲ್ಲ. ಬಿಸಿಲು ಇಳಿಯುತ್ತಿತ್ತು, ಚಳಿ ಏರುತ್ತಿತ್ತು. ಮಗುವನ್ನು ಕರೆತಂದು ಎಂಥ ಕೆಲಸ ಮಾಡಿದೆ ಎಂದು ಎದೆ ಡವಗುಟ್ಟಿತು. ಗಾಬರಿಯಲ್ಲಿ ಮತ್ತೂ ಮುಂದೆ ಹೆಜ್ಜೆ ಹಾಕಿದೆ.

ಮೊಮ್ಮಗ ನನ್ನ ಕೈ ಹಿಡಿದು ನಿಲ್ಲಿಸಿದ. "ತಾತ, ಪಟ್ಟಿ ಕಾಣದಿದ್ದರೆ ಮುಂದೆ ಹೋಗಬಾರದು. ಕೊನೇ ಪಟ್ಟಿ ಎಲ್ಲಿ ನೋಡಿದ್ವೋ ಅಲ್ಲಿಗೇ ವಾಪಸ್ ಹೋಗಬೇಕು."

ಥಟ್ಟನೆ ಬ್ಯಾಂಕಿನ ದಿನಗಳು ನೆನಪಾದವು. ಲೆಡ್ಜರ್ ತಾಳೆಯಾಗದಿದ್ದಾಗ ನಾವೂ ಹಾಗೇ ಮಾಡುತ್ತಿದ್ದೆವು. ಕೊನೆಯ ಸಲ ಲೆಕ್ಕ ಸರಿಯಿದ್ದ ಪುಟಕ್ಕೆ ಹಿಂದಿರುಗಿ ಅಲ್ಲಿಂದ ಮತ್ತೆ ಕೂಡುವುದು. ಹೊಸ ಗುಮಾಸ್ತರಿಗೆಲ್ಲ ನಾನೇ ಕಲಿಸಿದ ಪಾಠವದು!

ಬಂದ ದಾರಿಯಲ್ಲೇ ಹಿಂದಿರುಗಿದೆವು. ಓಕ್ ಮರವೊಂದರ ಮೇಲೆ ಹಳದಿ ಪಟ್ಟಿ ಕಂಡಾಗ ಮೊಮ್ಮಗ ಕುಣಿದ. ನಾನು ಆ ಮರವನ್ನು ಮುಟ್ಟಿ ನಮಸ್ಕರಿಸಿದೆ. ಕಾರಿನ ಬಳಿ ಮಗಳು ಆತಂಕದಿಂದ ಕಾಯುತ್ತಿದ್ದಳು. "ಎಲ್ಲಿ ಹೋಗಿದ್ರಿ ಅಪ್ಪಾ?" ಎಂದಳು. "ತಾತ ಸ್ವಲ್ಪ ಜಾಸ್ತಿ ನಡೆದರು" ಎಂದ ಮೊಮ್ಮಗ, ನನ್ನ ಮಾನ ಉಳಿಸಿದ. ನಾನೇ ನಡೆದದ್ದೆಲ್ಲ ಹೇಳಿ ತಪ್ಪು ಒಪ್ಪಿಕೊಂಡೆ.

ಮಕ್ಕಳೇ, ಕಾಡಿಗೆ ಹೋದಾಗ ಗುರುತಿನ ದಾರಿ ಬಿಡಬೇಡಿ. ನೀರು, ಬೆಚ್ಚನೆಯ ಬಟ್ಟೆ ಜೊತೆಗಿರಲಿ. ನಿಮ್ಮ ಕಸವನ್ನು ನೀವೇ ವಾಪಸ್ ತನ್ನಿ. ಮನೆಗೆ ಬಂದ ಮೇಲೆ ಮೈ, ಬಟ್ಟೆಗೆ ಉಣ್ಣೆ ಹತ್ತಿದೆಯೇ ನೋಡಿಕೊಳ್ಳಿ.

ಮತ್ತೆ, ಹಿರಿಯರಿಗೊಂದು ಮಾತು: ಜೊತೆಗಿರುವ ಮಗು "ಇಲ್ಲಿ ಗುರುತಿಲ್ಲ" ಎಂದರೆ ಒಮ್ಮೆ ನಿಂತು ಕೇಳಿ.