ಕೂಸನ್ನು ಯಾರ ಮಡಿಲಿಗೆ ಹಾಕಿ ಕೆಲಸಕ್ಕೆ ಹೋಗುವುದು?

ಹುಳಿಯಾರು ಸಮೀಪದ ಕೆಂಕೆರೆಯಿಂದ ತಿಪಟೂರು, ತುರುವೇಕೆರೆಗಳವರೆಗೆ ಹಬ್ಬಿರುವ ತೆಂಗಿನ ಸೀಮೆಯಲ್ಲಿ ಉಂಡೆಕೊಬ್ಬರಿಯ ಹಿರಿಮೆಯನ್ನು ಬಣ್ಣಿಸದವರಿಲ್ಲ. ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷಕಾಲವಿದ್ದ ಕಾಯಿ ಒಳಗೊಳಗೇ ಒಣಗಿ ಗಿಟುಕಾಗುತ್ತದೆ. ಸುಲಿದ ಮೇಲೆ, ಗಿಟುಕಿಗೆ ಏಟು ತಾಗದಂತೆ ಚಿಪ್ಪು ಬಿಡಿಸಬೇಕು. ಒಡೆದ ಕೊಬ್ಬರಿಗೆ ಬೆಲೆ ಕಡಿಮೆ. ಈ ನಾಜೂಕಿನ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು. ಅವರ ಮಗ್ಗುಲಲ್ಲಿ, ಚೂಪಾದ ಚಿಪ್ಪುಗಳ ನಡುವೆ, ತೆವಳುವ ಕೂಸೊಂದಿದ್ದರೆ ಅದರ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ.

ಅಂಗನವಾಡಿ ಇಲ್ಲವೇ ಎಂದು ಓದುಗರು ಕೇಳಬಹುದು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಉಪಕಾರ ಅಪಾರವಾದುದು. ಆದರೆ ಅಲ್ಲಿ ಕುಳಿತು ಆಡಿ ಕಲಿಯುವ ಅವಕಾಶ ಮುಖ್ಯವಾಗಿ ಮೂರು ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ದೊರೆಯುವುದು ಮನೆಗೊಯ್ಯುವ ಪೌಷ್ಟಿಕ ಆಹಾರ, ಚುಚ್ಚುಮದ್ದು, ತೂಕದ ತಪಾಸಣೆ. 1948ರ ಕಾರ್ಖಾನೆ ಕಾಯಿದೆ 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವೆಡೆ ಶಿಶುಗಳಿಗೆ ಕೊಠಡಿ ಇರಬೇಕೆಂದು ವಿಧಿಸಿತ್ತು. ನಾಲ್ಕೈದು ಮಂದಿ ಕೂರುವ ಕೊಬ್ಬರಿಯ ಅಂಗಳ ಅಂಥ ಯಾವ ಎಣಿಕೆಗೂ ಸಿಗದು.

ಇದರ ನಷ್ಟವೆಷ್ಟು? 2025–26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ ನಮ್ಮ ರಾಜ್ಯದಲ್ಲಿ 370 ರೂಪಾಯಿ. ಅದನ್ನೇ ಅಳತೆಗೋಲಾಗಿ ಹಿಡಿದರೆ, ಕೂಸಿಗಾಗಿ ವಾರಕ್ಕೆರಡು ದಿನ ಕೆಲಸ ತಪ್ಪಿಸಿಕೊಂಡ ತಾಯಿ ವರ್ಷಕ್ಕೆ 38 ಸಾವಿರಕ್ಕೂ ಮಿಕ್ಕಿ ಕಳೆದುಕೊಳ್ಳುತ್ತಾಳೆ. ವರ್ಷವಿಡೀ ಕೂಲಿ ಸಿಗದೆಂದು ಅರ್ಧಕ್ಕಿಳಿಸಿದರೂ 19 ಸಾವಿರ. ಬಡವರ ಮನೆಯಲ್ಲಿ ಇದು ಚಿಲ್ಲರೆ ಮೊತ್ತವೇ? ‘ಅಜ್ಜಿ ಇದ್ದಾಳಲ್ಲ’ ಎನ್ನುವವರು, ಆ ಅಜ್ಜಿಯೂ ಕೂಲಿಗೆ ಹೋಗುವವಳೆಂಬುದನ್ನು ಮರೆಯುತ್ತಾರೆ. ಅಜ್ಜಿಯೂ ಇಲ್ಲದಿದ್ದರೆ ತೊಟ್ಟಿಲು ತೂಗಲು ಹಿರಿಯ ಹುಡುಗಿ ಶಾಲೆ ಬಿಡುತ್ತಾಳೆ. ಆ ನಷ್ಟಕ್ಕೆ ದಿನಗೂಲಿಯ ಅಳತೆ ಸಾಲದು.

ರಾಜ್ಯ ಸರ್ಕಾರ 2023ರ ಆಯವ್ಯಯದಲ್ಲಿ ಘೋಷಿಸಿದ ‘ಕೂಸಿನ ಮನೆ’ ಈ ಕೊರತೆಯನ್ನು ಸರಿಯಾಗಿಯೇ ಗುರುತಿಸಿತು. 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಲಿಕಾರ ತಾಯಂದಿರ ಎಳೆಯ ಮಕ್ಕಳನ್ನು ತರಬೇತಿ ಪಡೆದ ಊರ ಮಹಿಳೆಯರೇ ನೋಡಿಕೊಳ್ಳಬೇಕೆಂಬ ಯೋಜನೆಯದು. ಆದರೆ ಆರೈಕೆ ಮಾಡುವವರ ಕೂಲಿಯನ್ನು ಉದ್ಯೋಗ ಖಾತರಿಗೆ ಗಂಟುಹಾಕಿದ್ದು ನನಗೆ ಒಪ್ಪಿಗೆಯಿಲ್ಲ. ಸರದಿಯ ದಿನಗಳು ಮುಗಿದರೆ ಮುಖ ಬದಲಾಗುತ್ತದೆ. ಎಳೆಗೂಸಿಗೆ ಬೇಕಾದುದು ಪರಿಚಯದ ಮುಖ. ಮೇಲಾಗಿ 2005ರ ಆ ಕಾಯಿದೆಯ ಬದಲಿಗೆ 2025ರ ಡಿಸೆಂಬರಿನಲ್ಲಿ ಸಂಸತ್ತು ಬೇರೊಂದನ್ನು ಅಂಗೀಕರಿಸಿದೆ. ಶಿಶುಪಾಲನೆಗೆ ತನ್ನದೇ ಆದ ಸ್ಥಿರ ಸಂಬಳವಿರಬೇಕು.

ಈ ಪತ್ರಿಕೆ ಓದುವ ಮನೆಗಳಲ್ಲಿ ತೋಟದವರು ಅನೇಕರಿದ್ದಾರೆ. ಕಾಯಕದ ಮಾತನ್ನು ನಾವು ಎಷ್ಟೋ ವೇದಿಕೆಗಳಲ್ಲಿ ಆಡಿದ್ದೇವೆ. ಕೂಸು ನೋಡಿಕೊಳ್ಳುವುದನ್ನು ಕಾಯಕವೆಂದು ಎಣಿಸಿ ಕೂಲಿ ಕೊಟ್ಟದ್ದು ಕಡಿಮೆ. ಹತ್ತು ತೋಟದವರು ಸೇರಿ, ದಿನಕ್ಕೆ ತಲಾ 40 ರೂಪಾಯಿ ಹಾಕಿದರೆ ಒಬ್ಬಾಕೆಯ ಕೂಲಿ ಕೊಟ್ಟು ಹಾಲಿಗೂ ಅಷ್ಟಿಷ್ಟು ಉಳಿಯುತ್ತದೆ. ನೆರಳಿರುವ ಕೊಠಡಿ, ಎರಡು ಜೋಲಿ, ಕಾಯಿಸಿದ ನೀರು, ಹತ್ತಿರದಲ್ಲಿ ಬಾವಿಯಿದ್ದರೆ ಅದಕ್ಕೊಂದು ಭದ್ರವಾದ ಮುಚ್ಚಳ ಇಷ್ಟಾದರೆ ಆರಂಭಕ್ಕೆ ಸಾಕು. ತಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯೇ, ಅದರ ಬಾಗಿಲು ಕೂಲಿಯವರು ಹೊರಡುವ ಹೊತ್ತಿಗೆ ತೆರೆಯುತ್ತದೆಯೇ ಎಂಬುದನ್ನು ಮುಂದಿನ ಗ್ರಾಮಸಭೆಯಲ್ಲಿ ಓದುಗರು ಕೇಳಬೇಕೆಂದು ವಿನಂತಿ.