ಮಳೆ ಬರುವ ಮೊದಲು ಹೊಳೆಯಲ್ಲಿ ಒಂದು ದಿನ

ಬೆಳಗ್ಗೆ ಐದೂವರೆಗೆ ನಾವು ಉಳ್ಳಾಲದ ಆ ಮನೆಗೆ ತಲುಪುವಾಗ ಸುಬಹಿ ನಮಾಝ್ ಮುಗಿಸಿದ ಹುಡುಗಿ ಜಗಲಿಯಲ್ಲಿ ಕೂತು ಗಾಜಿನ ಬಾಟಲಿ ಎಣಿಸುತ್ತಿದ್ದಳು. ‘ರಜೆಯಲ್ಲಾದ್ರೂ ಸ್ವಲ್ಪ ಮಲಗ್ಲಿಕ್ಕೆ ಆಗುದಿಲ್ವಾ?’ ಎಂದು ಉಮ್ಮ ಗೊಣಗುತ್ತಲೇ ಪತ್ತಿರ್ ಕಟ್ಟಿ ಕೊಟ್ಟರು.

ಈಕೆ ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ ಎಂಎಸ್ಸಿ ಓದುತ್ತಿದ್ದಾಳೆ. ‘ಹೆಸರು ಬೇಡ, ಕೆಲಸದ ಬಗ್ಗೆ ಬರೀರಿ ಸಾಕು’ ಎಂದಳು. ಬರೆಯುತ್ತಿದ್ದೇವೆ.

ಈಕೆಯ ಪ್ರಾಜೆಕ್ಟ್ ನೇತ್ರಾವತಿ ಅಳಿವೆಯ ನೀರು ಮತ್ತು ಅಲ್ಲಿನ ಮರುವಾಯಿಯ ಬಗ್ಗೆ. ಬೇಸಿಗೆಯಲ್ಲಿ ಹೊಳೆಯ ಹರಿವು ಕಡಿಮೆಯಾದಾಗ ಸಮುದ್ರದ ಉಪ್ಪುನೀರು ಒಳಗೆ ನುಗ್ಗುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಮಳೆ ಜೋರಾಗಿ ಹೊಳೆ ತುಂಬಿದರೆ ಅದೇ ಅಳಿವೆಯ ನೀರು ಸಪ್ಪೆಯಾಗುತ್ತದೆ. ಮುಂಗಾರು ನಮ್ಮ ಕರಾವಳಿಗೆ ಬರುವುದು ಸಾಮಾನ್ಯವಾಗಿ ಜೂನ್ ಮೊದಲ ವಾರ. ಬೇಸಿಗೆಯ ಲೆಕ್ಕ ಅದಕ್ಕೆ ಮೊದಲೇ ಸಿಗಬೇಕು. ತಪ್ಪಿದರೆ ಇನ್ನೊಂದು ವರ್ಷ, ಅಷ್ಟರಲ್ಲಿ ಕೋರ್ಸೇ ಮುಗಿದಿರುತ್ತದೆ.

ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ನೀರು ಹೆಚ್ಚು ಇಳಿಯುವುದರಿಂದ ಆ ದಿನಗಳಲ್ಲೇ ಈಕೆ ಹೊಳೆಗೆ ಹೋಗುವುದು. ದೋಣಿ ಪಕ್ಕದ ಮನೆಯ ಕಾಕನದ್ದು. ಬಾಡಿಗೆಗೆ ಸ್ಕಾಲರ್‌ಶಿಪ್ ಏನೂ ಇಲ್ಲ, ಸಂಜೆ ಮಕ್ಕಳಿಗೆ ಟ್ಯೂಶನ್ ಹೇಳಿದ ಹಣ.

ಒಂದೊಂದು ಜಾಗದಲ್ಲೂ ದೋಣಿ ನಿಲ್ಲಿಸಿ ಉಪ್ಪು ಅಳೆದಳು. ಬಾಟಲಿಯಲ್ಲಿ ನೀರು ತುಂಬಿಸಿ, ಎರಡು ರಾಸಾಯನಿಕ ಹಾಕಿ ಬಿರಡೆ ಮುಚ್ಚಿದಳು. ನೀರಿನಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ತಳಕ್ಕೆ ಇಳಿಯುತ್ತದೆ. ಹಂಗೇರಿಯ ವಿಂಕ್ಲರ್ ಎಂಬವರು 1888ರಲ್ಲಿ ಪ್ರಕಟಿಸಿದ ವಿಧಾನ ಇದು. ಒಂದೇ ಷರತ್ತು, ಬಾಟಲಿಯೊಳಗೆ ಒಂದು ಗುಳ್ಳೆಯೂ ಉಳಿಯಬಾರದು. ಗಾಳಿಯ ಆಮ್ಲಜನಕ ಸೇರಿದರೆ ಲೆಕ್ಕ ಸುಳ್ಳಾಗುತ್ತದೆ.

ಮೂರನೇ ಜಾಗ ದಾಟಿ ತುಂಬಾ ದೂರ ಬಂದಿದ್ದೆವು. ಬಾಟಲಿ ಎತ್ತಿ ಬೆಳಕಿಗೆ ಹಿಡಿದವಳ ಮುಖ ಸಣ್ಣದಾಯಿತು. ಕತ್ತಿನ ಹತ್ತಿರ ಸಾಸಿವೆಯಷ್ಟು ಒಂದು ಗುಳ್ಳೆ.

‘ಅಷ್ಟು ಸಣ್ಣದ್ದು ಯಾರಿಗೆ ಗೊತ್ತಾಗ್ತದೆ ಮಗಳೇ? ನನಗೆ ಎಂಟು ಗಂಟೆಗೆ ಬೇರೆ ಕೆಲಸ ಉಂಟು’ ಎಂದರು ಕಾಕ.

‘ನನಗೆ ಗೊತ್ತಾಗ್ತದಲ್ಲ ಕಾಕ.’

ಕಾಕ ಏನೂ ಹೇಳಲಿಲ್ಲ, ದೋಣಿ ತಿರುಗಿಸಿದರು.

ಮರಳಿನ ದಿಬ್ಬದಲ್ಲಿ ಮರುವಾಯಿ ಹೆಕ್ಕುವವರ ಪಕ್ಕ ಕೂತು ಈಕೆಯೂ ಹೆಕ್ಕಿದಳು. ಒಂದೊಂದರ ಉದ್ದ ಅಳೆದು ಬರೆದು ಸಣ್ಣವನ್ನು ನೀರಿಗೇ ಬಿಟ್ಟಳು. ಎಲ್ಲಿ ಅಗೆದರೆ ಸಿಗುತ್ತದೆ ಎಂದು ಹೇಳಿಕೊಟ್ಟದ್ದು ಅಲ್ಲಿನ ಹೆಂಗಸರೇ. ‘ಪುಸ್ತಕದಲ್ಲಿ ಇದು ಇರ್ಲಿಲ್ಲ’ ಎಂದು ನಕ್ಕಳು.

ಹನ್ನೊಂದಕ್ಕೆ ಬಸ್ ಹಿಡಿದು ಕೊಣಾಜೆ. ರಜೆಯಾದ್ದರಿಂದ ಕ್ಯಾಂಟೀನ್ ಮುಚ್ಚಿತ್ತು. ಉಮ್ಮ ಕಟ್ಟಿದ ಪತ್ತಿರ್‌ನಲ್ಲಿ ನಮಗೂ ಪಾಲು ಸಿಕ್ಕಿತು. ಲ್ಯಾಬ್‌ನಲ್ಲಿ ಗಸಿಗೆ ಆಮ್ಲ ಹಾಕಿದಾಗ ನೀರು ಹಳದಿಯಾಯಿತು. ಗಂಜಿ ದ್ರಾವಣ ಬಿಟ್ಟಾಗ ಕಡುನೀಲಿ. ಮೇಲಿನ ಕೊಳವೆಯಿಂದ ಹನಿ ಹನಿಯಾಗಿ ಇನ್ನೊಂದು ದ್ರಾವಣ ಬಿಡುತ್ತಾ ಹೋದಳು. ಕೊನೆಯ ಒಂದು ಹನಿಗೆ ನೀಲಿ ಮಾಯ! ಎಷ್ಟು ದ್ರಾವಣ ಬೇಕಾಯಿತು ಎಂಬುದರಿಂದಲೇ ಆಮ್ಲಜನಕದ ಲೆಕ್ಕ. ಎಲ್ಲ ಬಾಟಲಿ ಮುಗಿಯುವಾಗ ನಾಲ್ಕು ಗಂಟೆ. ಐದೂವರೆಗೆ ಟ್ಯೂಶನ್ ಮಕ್ಕಳು ಜಗಲಿಯಲ್ಲಿ ಕಾಯುತ್ತಿದ್ದರು.

ಹೊರಡುವಾಗ ಕಾಕ ಸಿಕ್ಕಿದರು. ‘ಇಷ್ಟೆಲ್ಲ ಬರೆದು ಇವಳಿಗೆ ಡಿಗ್ರಿ ಸಿಗ್ತದೆ, ನಮಗೆಂಥ ಸಿಗ್ತದೆ?’ ಎಂದು ನಮ್ಮಲ್ಲಿ ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಈಕೆಯೇ ಹೇಳಿದಳು: ‘ವರದಿ ಇಂಗ್ಲಿಷ್‌ನಲ್ಲಿ ಕೊಡ್ಬೇಕು ಕಾಕ. ಆದ್ರೆ ಯಾವ ಜಾಗದಲ್ಲಿ ಸಣ್ಣ ಮರುವಾಯಿ ಜಾಸ್ತಿ ಉಂಟು, ಎಲ್ಲಿ ಸ್ವಲ್ಪ ಸಮಯ ಹೆಕ್ಕದೆ ಬಿಡ್ಬೇಕು, ಅದನ್ನು ನಿಮ್ಮ ಜಗಲಿಗೇ ಬಂದು ಬ್ಯಾರಿಯಲ್ಲಿ ಹೇಳ್ತೇನೆ.’

‘ಹಾಗಾದ್ರೆ ಹುಣ್ಣಿಮೆಗೆ ದೋಣಿ ಉಂಟು’ ಎಂದರು ಕಾಕ.

ಮಳೆಗೆ ಮೊದಲು ಅದೊಂದೇ ಸುತ್ತು ಬಾಕಿ.