ಬಾತುಮರಿಗಳಿಗೆ ದಾರಿ ಬಿಟ್ಟ ನಗರ

ದೊಡ್ಡ ನಗರವೊಂದರ ಹೆಸರನ್ನು ಕೇಳಿದೊಡನೆ ಯಾವುದಾದರೊಂದು ಆಕೃತಿ ನಮ್ಮ ಕಣ್ಣಮುಂದೆ ಸುಳಿಯುತ್ತದೆ. ಒಂದು ನಗರಕ್ಕೆ ಅದು ಗೋಪುರ, ಇನ್ನೊಂದಕ್ಕೆ ಸೇತುವೆ, ಮತ್ತೊಂದಕ್ಕೆ ಕೋಟೆ ಅಥವಾ ಅರಮನೆ. ಇವೆಲ್ಲ ಬಹುಮಟ್ಟಿಗೆ ಪ್ರಭುಗಳ ಆಜ್ಞೆಯಿಂದ, ಧನಿಕರ ಔದಾರ್ಯದಿಂದ, ಸಾವಿರಾರು ಕೂಲಿಗಳ ಬೆವರಿನಿಂದ ಎದ್ದು ನಿಂತವು. ಅಮೆರಿಕ ಸಂಯುಕ್ತ ಸಂಸ್ಥಾನಗಳ ಈಶಾನ್ಯ ತೀರದಲ್ಲಿರುವ ಬಾಸ್ಟನ್ ನಗರದ ಜನ ಅಕ್ಕರೆಯಿಂದ ತಮ್ಮದೆಂದುಕೊಂಡಿರುವ ಲಾಂಛನವೊಂದು ಇವುಗಳ ಸಾಲಿಗೆ ಸೇರುವುದಿಲ್ಲ. ಅದು ಒಂದು ತಾಯಿಬಾತು, ಅದರ ಬೆನ್ನಹಿಂದೆ ಎಂಟು ಮರಿಗಳು. ಅವು ಬಂದುದು ಮಕ್ಕಳ ಚಿತ್ರಪುಸ್ತಕವೊಂದರ ಪುಟಗಳಿಂದ.

ಲಾಂಛನಗಳಿಗೆ ಬಾಸ್ಟನ್ನಿನಲ್ಲಿ ಕೊರತೆಯೇನೂ ಇರಲಿಲ್ಲ. 1630ರಲ್ಲಿ ಸ್ಥಾಪಿತವಾದ ಈ ಊರು ಅಮೆರಿಕದ ಸ್ವಾತಂತ್ರ್ಯ ಸಮರದ ತೊಟ್ಟಿಲು. 1773ರಲ್ಲಿ ಚಹದ ಪೆಟ್ಟಿಗೆಗಳನ್ನು ಕಡಲಿಗೆ ಎಸೆದು ಬ್ರಿಟಿಷ್ ಪ್ರಭುತ್ವವನ್ನು ಧಿಕ್ಕರಿಸಿದವರು ಇಲ್ಲಿಯ ನಾಗರಿಕರೇ. ಪ್ರಾಚೀನ ವಿದ್ಯಾಲಯಗಳು, ಸಭಾಮಂದಿರಗಳು, ಸೇನಾನಿಗಳ ಪ್ರತಿಮೆಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ನಗರದ ನಡುವೆ ಇರುವ 'ಪಬ್ಲಿಕ್ ಗಾರ್ಡನ್' ಎಂಬ ಉದ್ಯಾನದಲ್ಲಿಯೇ 1869ರಿಂದ ಜಾರ್ಜ್ ವಾಷಿಂಗ್ಟನ್ನರು ಎತ್ತರದ ಪೀಠದ ಮೇಲೆ ಕುದುರೆಯನ್ನೇರಿ ಕುಳಿತಿದ್ದಾರೆ. ಅದೇ ಉದ್ಯಾನದ ಇನ್ನೊಂದು ಮೂಲೆಯಲ್ಲಿ, ಪೀಠವೇ ಇಲ್ಲದೆ ನೆಲದ ಮೇಲೆ ನಡೆಯುತ್ತಿರುವಂತಿವೆ ಈ ಬಾತುಗಳು. ವಾಷಿಂಗ್ಟನ್ನರನ್ನು ಜನ ತಲೆಯೆತ್ತಿ ನೋಡಿ ಮುಂದೆ ಸಾಗುತ್ತಾರೆ. ಬಾತುಗಳ ಬಳಿಗೆ ಬಂದವರು ಮಂಡಿಯೂರಿ ಕುಳಿತುಬಿಡುತ್ತಾರೆ.

ಈ ಬಾತುಗಳನ್ನು ಸೃಷ್ಟಿಸಿದವರು ರಾಬರ್ಟ್ ಮೆಕ್‌ಕ್ಲಾಸ್ಕಿ. ಅವರು ಬಾಸ್ಟನ್ನಿನವರಲ್ಲ, 1914ರಲ್ಲಿ ಓಹಾಯೋ ಸಂಸ್ಥಾನದ ಹ್ಯಾಮಿಲ್ಟನ್ ಎಂಬ ಊರಿನಲ್ಲಿ ಹುಟ್ಟಿದವರು. ಚಿತ್ರಕಲೆಯನ್ನು ಕಲಿಯಲೆಂದು ಬಾಸ್ಟನ್ನಿಗೆ ಬಂದ ಈ ತರುಣ ಪಬ್ಲಿಕ್ ಗಾರ್ಡನ್ನಿಗೆ ಹೋಗಿ ಅಲ್ಲಿಯ ಕೊಳದ ಬಾತುಗಳಿಗೆ ತಿಂಡಿ ಹಾಕುವುದಿತ್ತು. ಕೆಲವು ವರ್ಷಗಳ ಅನಂತರ ಕೆಲಸದ ನಿಮಿತ್ತ ಮತ್ತೆ ಅದೇ ನಗರಕ್ಕೆ ಬಂದಾಗ, ಉದ್ಯಾನದ ಸುತ್ತಮುತ್ತಲಿನ ಬೀದಿಗಳಲ್ಲಿ ಬಾತುಗಳು ಮೋಟಾರುಗಳ ನಡುವೆ ಪಡುವ ಪಾಡು ಅವರ ಕಣ್ಣಿಗೆ ಬಿತ್ತು. ಆ ಕುರಿತು ಜನರಾಡಿಕೊಳ್ಳುತ್ತಿದ್ದ ಒಂದೆರಡು ಪ್ರಸಂಗಗಳೂ ಕಿವಿಗೆ ಬಿದ್ದವು. ಕಥೆಯ ಬೀಜ ಅಲ್ಲಿ ಮೊಳೆಯಿತು.

ಉದ್ಯಾನದ ಹಿನ್ನೆಲೆಯನ್ನೂ ಇಲ್ಲಿ ಸ್ವಲ್ಪ ತಿಳಿಯಬೇಕು. ಅದು 1837ರಲ್ಲಿ ಆರಂಭವಾಯಿತು. ಅಮೆರಿಕದಲ್ಲಿ ಸಾರ್ವಜನಿಕರಿಗಾಗಿ ರೂಪುಗೊಂಡ ಮೊದಲ ಸಸ್ಯೋದ್ಯಾನವೆಂಬ ಹೆಸರು ಅದಕ್ಕಿದೆ. ನಡುವೆ ಒಂದು ಕೊಳ, ಕೊಳದಲ್ಲಿ ಒಂದು ಪುಟ್ಟ ದ್ವೀಪ. 1877ರಿಂದ ಆ ಕೊಳದಲ್ಲಿ ಹಂಸದ ಆಕಾರದ ದೋಣಿಗಳು ತೇಲುತ್ತಿವೆ. ಹಂಸದ ಮರೆಯಲ್ಲಿ ಕುಳಿತ ಚಾಲಕ ಸೈಕಲ್ಲಿನಂತೆ ಕಾಲಿನಿಂದ ತುಳಿದು ದೋಣಿಯನ್ನು ನಡೆಸುತ್ತಾನೆ. ಅವುಗಳನ್ನು ಆರಂಭಿಸಿದ ಕುಟುಂಬದವರು ತಲೆಮಾರುಗಳಿಂದ ಆ ಕಾಯಕವನ್ನು ಬಿಡದೆ ನಡೆಸಿಕೊಂಡು ಬಂದಿದ್ದಾರೆ.

ಮೆಕ್‌ಕ್ಲಾಸ್ಕಿಯವರ ಪುಸ್ತಕದ ಹೆಸರು 'ಮೇಕ್ ವೇ ಫಾರ್ ಡಕ್ಲಿಂಗ್ಸ್'. ಎಂದರೆ 'ಬಾತುಮರಿಗಳಿಗೆ ದಾರಿ ಬಿಡಿ'. ಕಥೆ ಬಹು ಸರಳ. ಮಲ್ಲಾರ್ಡ್ ಜಾತಿಯ ಬಾತುಗಳ ದಂಪತಿಗಳು ಮನೆ ಹೂಡಲು ನೆಲೆ ಹುಡುಕುತ್ತ ಬಾಸ್ಟನ್ನಿಗೆ ಹಾರಿಬರುತ್ತವೆ. ಹೆಣ್ಣಿಗೆ ಯಾವ ಸ್ಥಳವೂ ಒಪ್ಪಿಗೆಯಾಗದು: ಇಲ್ಲಿ ನರಿಯಿದ್ದೀತು, ಅಲ್ಲಿ ಆಮೆಯಿದ್ದೀತು ಎಂದು ಅದರ ಅಂಜಿಕೆ. ಪಬ್ಲಿಕ್ ಗಾರ್ಡನ್ನಿನ ಕೊಳ ಹಿಡಿಸುತ್ತದೆ. ಹಂಸದೋಣಿಯಲ್ಲಿ ಕುಳಿತವರು ಎಸೆಯುವ ಕಡಲೆಕಾಯಿಯೂ ರುಚಿಸುತ್ತದೆ. ಆದರೆ ದಡವೇರಿದಾಗ ಸೈಕಲ್ಲೊಂದು ಮೈಮೇಲೆ ಬಂದಂತಾಗಿ, ಇದು ಮಕ್ಕಳನ್ನು ಬೆಳೆಸುವ ಸ್ಥಳವಲ್ಲವೆಂದು ಹಾರಿಹೋಗುತ್ತವೆ. ಕಡೆಗೆ ಸಮೀಪದ ಚಾರ್ಲ್ಸ್ ನದಿಯ ದ್ವೀಪವೊಂದರಲ್ಲಿ ಗೂಡು ಕಟ್ಟುತ್ತವೆ. ಎಂಟು ಮರಿಗಳಾಗುತ್ತವೆ. ತಂದೆ ನದಿಯ ಮೇಲುಭಾಗವನ್ನು ನೋಡಿಬರುವೆನೆಂದು ಹೊರಡುತ್ತದೆ. ಒಂದು ವಾರದ ಅನಂತರ ಪಬ್ಲಿಕ್ ಗಾರ್ಡನ್ನಿನಲ್ಲಿ ಎಲ್ಲರೂ ಸೇರುವುದೆಂದು ಮಾತಾಗುತ್ತದೆ. ತಾಯಿ ಮರಿಗಳಿಗೆ ಈಜನ್ನು, ಮುಳುಗನ್ನು, ಸಾಲಾಗಿ ನಡೆಯುವುದನ್ನು, ಗಾಲಿಯುಳ್ಳ ಯಾವುದನ್ನು ಕಂಡರೂ ದೂರ ಸರಿಯುವುದನ್ನು ಕಲಿಸಿ, ಗೊತ್ತಾದ ದಿನ ಹೊರಡುತ್ತದೆ. ನದಿಗೂ ಉದ್ಯಾನಕ್ಕೂ ನಡುವೆ ಹೆದ್ದಾರಿ. ಮೋಟಾರುಗಳು ನಿಲ್ಲುವುದಿಲ್ಲ. ತಾಯಿಮಕ್ಕಳ ಕೂಗನ್ನು ಕೇಳಿ ಮೈಕೇಲ್ ಎಂಬ ಪೊಲೀಸಿನವನು ಓಡಿಬಂದು ಕೈಯೆತ್ತಿ ವಾಹನಗಳನ್ನು ತಡೆಯುತ್ತಾನೆ. ಅಷ್ಟಕ್ಕೇ ಬಿಡದೆ ಠಾಣೆಗೆ ದೂರವಾಣಿಯಲ್ಲಿ ಸುದ್ದಿ ಮುಟ್ಟಿಸುತ್ತಾನೆ. ಬೀಕನ್ ಬೀದಿಯ ತಿರುವಿನಲ್ಲಿ ಇನ್ನೂ ನಾಲ್ವರು ಪೊಲೀಸರು ನಿಂತು, ರಾಜಪರಿವಾರಕ್ಕೆ ಬಿಡುವಂತೆ ಬಾತುಗಳಿಗೆ ದಾರಿ ಬಿಡಿಸುತ್ತಾರೆ. ಉದ್ಯಾನದ ದ್ವೀಪದಲ್ಲಿ ತಂದೆ ಕಾದಿರುತ್ತದೆ.

ಮರಿಗಳ ಹೆಸರುಗಳಲ್ಲಿಯೂ ಒಂದು ವಿನೋದವಿದೆ. ಜ್ಯಾಕ್, ಕ್ಯಾಕ್, ಲ್ಯಾಕ್, ಮ್ಯಾಕ್ ಎಂದು ಮೊದಲಾಗಿ ಇಂಗ್ಲಿಷ್ ಅಕ್ಷರಮಾಲೆಯ ಅನುಕ್ರಮವನ್ನೇ ಹಿಡಿದು ಹೊರಟ ಆ ಹೆಸರುಗಳು ಎಂಟನೆಯ ಮರಿಗೆ ಬರುವ ವೇಳೆಗೆ 'ಕ್ವ್ಯಾಕ್' ಆಗುತ್ತವೆ. ಇಂಗ್ಲಿಷಿನಲ್ಲಿ ಬಾತಿನ ಕೂಗಿಗೇ ಆ ಹೆಸರು. ಮರಿಗಳನ್ನು ಕರೆಯುತ್ತ ಕರೆಯುತ್ತ ಕೇಳುವ ಮಗು ತಾನೇ ಬಾತಿನಂತೆ ಕೂಗಿಬಿಡುತ್ತದೆ.

ಕಥೆ ಕಲ್ಪಿತವಾದರೂ ಚಿತ್ರಗಳಲ್ಲಿ ಲೇಖಕರು ಉದಾಸೀನ ತೋರಲಿಲ್ಲ. ಆ ವೇಳೆಗೆ ನ್ಯೂಯಾರ್ಕ್ ನಗರದಲ್ಲಿ ನೆಲೆಸಿದ್ದ ಅವರು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಬಾತುಗಳ ಮಾದರಿಗಳನ್ನು ಅಭ್ಯಾಸ ಮಾಡಿದರು. ಅದರಿಂದಲೂ ತೃಪ್ತಿಯಾಗದೆ ಪೇಟೆಯಿಂದ ಜೀವಂತ ಬಾತುಗಳನ್ನೇ ಕೊಂಡುತಂದು, ತಾವು ಮಿತ್ರರೊಡನೆ ವಾಸವಾಗಿದ್ದ ಕೊಠಡಿಗಳಲ್ಲಿ ಬಿಟ್ಟುಕೊಂಡರು. ಕೈಯಲ್ಲಿ ಚಿತ್ರದ ಹಲಗೆಯನ್ನು ಹಿಡಿದು ನೆಲದ ಮೇಲೆ ತೆವಳುತ್ತ ಅವುಗಳ ಬೆನ್ನು ಹತ್ತಿದರು. ಬಾತುಗಳು ಒಂದೆಡೆ ನಿಲ್ಲದೆ ಓಡಾಡುತ್ತಿದ್ದುದರಿಂದ, ಅವುಗಳ ಚುರುಕನ್ನು ತಗ್ಗಿಸಲು ಒಂದಿಷ್ಟು ದ್ರಾಕ್ಷಾರಸವನ್ನು ಕುಡಿಸಿದರಂತೆ! ಕೆಳಮನೆಯವರು ಆ ಗದ್ದಲವನ್ನು ಹೇಗೆ ಸಹಿಸಿದರೋ. ಪುಸ್ತಕದ ಚಿತ್ರಗಳೆಲ್ಲ ಕಂದುಬಣ್ಣದ ಒಂದೇ ಮಸಿಯಲ್ಲಿ ಮುದ್ರಿತವಾಗಿವೆ. ಆದರೂ ರೆಕ್ಕೆಯ ಒಂದೊಂದು ಗರಿಯೂ ಕತ್ತಿನ ಒಂದೊಂದು ಕೊಂಕೂ ನಿಜ. ಕಥೆಯಲ್ಲಿ ಅವರು ಪ್ರಕೃತಿಯನ್ನು ಮೀರಿದ್ದು ಒಂದು ಕಡೆ. ಈ ಜಾತಿಯ ಗಂಡುಬಾತು ಹೆಣ್ಣು ಕಾವಿಗೆ ಕುಳಿತ ಮೇಲೆ ಹೊರಟುಹೋಗುತ್ತದೆ, ಸಂಸಾರದ ಕಡೆಗೆ ಮರಳುವುದಿಲ್ಲ. ಕಥೆಯ ತಂದೆ ಕೊಟ್ಟ ಮಾತಿಗೆ ತಪ್ಪದೆ ಕಾದಿರುತ್ತದೆ. ಮರಿಗಳು ಸಾಲುಗಟ್ಟಿ ತಾಯಿಯ ಹಿಂದೆ ನಡೆಯುವುದು ಮಾತ್ರ ಪೂರ್ಣ ಸತ್ಯ. ಮೊಟ್ಟೆಯಿಂದ ಹೊರಬಂದ ಒಂದು ದಿನದೊಳಗಾಗಿ ಅವು ಗೂಡು ಬಿಟ್ಟು ತಾಯಿಯ ಬೆನ್ನು ಹಿಡಿಯುತ್ತವೆ.

ಪುಸ್ತಕ ಪ್ರಕಟವಾದುದು 1941ರಲ್ಲಿ. ಯೂರೋಪು ಆಗಲೇ ಯುದ್ಧದಲ್ಲಿ ಉರಿಯುತ್ತಿತ್ತು. ಆ ವರ್ಷ ಮುಗಿಯುವ ಮೊದಲೇ ಅಮೆರಿಕವೂ ಯುದ್ಧಕ್ಕಿಳಿಯಿತು. ನೆಲೆಯನ್ನು ಅರಸುವ ಸಂಸಾರ, ದೂರ ಹೋದ ತಂದೆ, ಮಕ್ಕಳನ್ನು ಒಬ್ಬಳೇ ಕಾಪಾಡುವ ತಾಯಿ, ಮತ್ತೆ ಒಂದೆಡೆ ಸೇರುವೆವೆಂಬ ವಾಗ್ದಾನ—ಇವು ಆ ಕಾಲದ ಮನೆಗಳಲ್ಲಿ ಬಾತುಗಳ ಕಥೆಯಾಗಿಯಷ್ಟೇ ಕೇಳಿಸಿರಲಾರವು. ಮರುವರ್ಷ, 1942ರಲ್ಲಿ, ಅಮೆರಿಕದ ಶ್ರೇಷ್ಠ ಚಿತ್ರಪುಸ್ತಕಕ್ಕೆ ಸಲ್ಲುವ ಕ್ಯಾಲ್ಡಿಕಾಟ್ ಪದಕ ಅದಕ್ಕೆ ದೊರೆಯಿತು.

ಆದರೆ ಪದಕ ಪಡೆದ ಪುಸ್ತಕಗಳು ಅನೇಕವಿವೆ. ಅವುಗಳ ಪಾತ್ರಗಳೆಲ್ಲ ಊರಿನ ಲಾಂಛನಗಳಾಗಲಿಲ್ಲ. ಇದಕ್ಕೆ ಮಾತ್ರ ಆ ಭಾಗ್ಯವೇಕೆ? ಮುಖ್ಯ ಕಾರಣ, ಈ ಕಥೆ ನಡೆಯುವುದು 'ಒಂದಾನೊಂದು ಊರಿ'ನಲ್ಲಿ ಅಲ್ಲ. ಬೀಕನ್ ಬೀದಿ, ಚಾರ್ಲ್ಸ್ ಬೀದಿ, ಮೌಂಟ್ ವರ್ನನ್ ಬೀದಿ, ಶಾಸನಸಭೆಯ ಗುಮ್ಮಟ, ಹಂಸದೋಣಿ—ಎಲ್ಲವೂ ಇದ್ದಂತೆಯೇ ಪುಸ್ತಕದೊಳಗೆ ಬಂದಿವೆ. ರಾತ್ರಿ ಕಥೆಯನ್ನು ಕೇಳಿದ ಮಗು ಬೆಳಗ್ಗೆ ತಂದೆಯ ಕೈಹಿಡಿದು ಬಾತುಗಳು ನಡೆದ ದಾರಿಯಲ್ಲಿ ತಾನೂ ನಡೆಯಬಹುದು. ಅದೇ ತಿರುವಿನಲ್ಲಿ ನಿಂತು ವಾಹನ ನಿಲ್ಲುವುದನ್ನು ಕಾಯಬಹುದು. ಬೀದಿ ದಾಟುವುದು ದೊಡ್ಡವರಿಗೆ ಒಂದು ಕೆಲಸವೇ ಅಲ್ಲ. ಮಂಡಿಯೆತ್ತರದ ಮಗುವಿಗೆ ಅದು ಸಾಹಸ, ಒಮ್ಮೊಮ್ಮೆ ಪ್ರಾಣಸಂಕಟ. ಇಡೀ ನಗರ ತನಗಾಗಿ ಒಂದು ಗಳಿಗೆ ಕೈಯೆತ್ತಿ ನಿಂತಿತೆಂಬ ಕಥೆಯನ್ನು ಅದು ಮರೆಯುವುದುಂಟೆ? ಹಾಗೆ ಕೇಳಿದ ಮಕ್ಕಳು ಬೆಳೆದು ತಮ್ಮ ಮಕ್ಕಳಿಗೆ ಅದನ್ನೇ ಓದಿದರು. ಪ್ರತಿವರ್ಷ ಮೇ ತಿಂಗಳಲ್ಲಿ ತಾಯಂದಿರ ದಿನದಂದು, ಬಾತುಮರಿಗಳ ವೇಷ ತೊಟ್ಟ ನೂರಾರು ಮಕ್ಕಳು ವಾದ್ಯದೊಡನೆ ಉದ್ಯಾನದತ್ತ ಮೆರವಣಿಗೆ ಹೋಗುವ ಪದ್ಧತಿ ಬೆಳೆದುಬಂದಿದೆ. ಅಂದು ಪೊಲೀಸರು ನಿಜವಾಗಿಯೂ ವಾಹನಗಳನ್ನು ತಡೆದು ನಿಲ್ಲಿಸುತ್ತಾರೆ.

ಬಾತುಗಳ ಕಂಚಿನ ಪ್ರತಿಮೆಯ ಸಂಗತಿಯೂ ಮಗುವಿನ ಪ್ರಶ್ನೆಯಿಂದಲೇ ಆರಂಭವಾಯಿತು. ಇಂಗ್ಲೆಂಡಿನಿಂದ ಬಾಸ್ಟನ್ನಿಗೆ ಬಂದ ಸುಜಾನ್ ಡಿ ಮಾನ್ಶೋ ಎಂಬ ನಗರಯೋಜನೆಯ ತಜ್ಞೆಯ ಮಕ್ಕಳು ಪಬ್ಲಿಕ್ ಗಾರ್ಡನ್ನನ್ನು ನೋಡಿ, ಪುಸ್ತಕದ ಬಾತುಗಳು ಎಲ್ಲಿವೆಯೆಂದು ಕೇಳಿದರು. ಆ ತಾಯಿ ಶಿಲ್ಪಿ ನ್ಯಾನ್ಸಿ ಶೋನ್ ಅವರ ಮುಂದೆ ಈ ವಿಚಾರವನ್ನಿಟ್ಟರು. ಮೆಕ್‌ಕ್ಲಾಸ್ಕಿಯವರ ಒಪ್ಪಿಗೆಯನ್ನು ಪಡೆದು ಶೋನ್ ಬಾತುಗಳನ್ನು ರೂಪಿಸಿದರು. ಉದ್ಯಾನಕ್ಕೆ 150 ವರ್ಷ ತುಂಬಿದ 1987ರಲ್ಲಿ, ಅಕ್ಟೋಬರ್ 4ರಂದು, ಪ್ರತಿಮೆಗಳು ಅನಾವರಣಗೊಂಡವು. ಹೀಗೆ ಬಾಸ್ಟನ್ನಿನ ಈ ಲಾಂಛನವನ್ನು ಬರೆದವರು ಓಹಾಯೋದವರು, ಬರೆದುದು ನ್ಯೂಯಾರ್ಕಿನಲ್ಲಿ, ಅದಕ್ಕೆ ಪ್ರತಿಮೆ ಬೇಕೆಂದವರು ಇಂಗ್ಲೆಂಡಿನಿಂದ ಬಂದವರು. ಊರಿನವರ ಕಣ್ಣಿಗೆ ನಿತ್ಯದ ರೂಢಿಯಲ್ಲಿ ಮಾಸಿಹೋದುದು ಹೊಸಬರ ಕಣ್ಣಿಗೆ ಹೊಳೆಯುವುದು ಲೋಕದಲ್ಲಿ ಅಪರೂಪವೇನಲ್ಲ.

ಸುಮಾರು 35 ಅಡಿ ಉದ್ದಕ್ಕೆ ಹಾಸಿದ ಬಾಸ್ಟನ್ನಿನ ಹಳೆಯ ಬೀದಿಗಲ್ಲುಗಳ ಮೇಲೆ ಅವು ಸಾಲಾಗಿ ನಡೆದಿವೆ. ಮುಂದಿರುವ ತಾಯಿ ಸುಮಾರು 38 ಅಂಗುಲ ಎತ್ತರ. ಮರಿಗಳು ಮೊಣಕಾಲಿಗೂ ಬಾರದಷ್ಟು ಚಿಕ್ಕವು. ಅವು ಇರುವುದು ಕಥೆಯ ಬಾತುಗಳು ಉದ್ಯಾನವನ್ನು ಪ್ರವೇಶಿಸಿದ ಮೂಲೆಯ ಸಮೀಪದಲ್ಲಿಯೇ. ಮುಟ್ಟಬಾರದೆಂಬ ಫಲಕವಿಲ್ಲ, ಬೇಲಿಯಿಲ್ಲ. ಮಕ್ಕಳು ಬೆನ್ನೇರಿ ಕುಳಿತು, ತಲೆ ಸವರಿ, ಕೊಕ್ಕಿಗೆ ಮುತ್ತಿಟ್ಟು ಕಂಚು ಅಲ್ಲಲ್ಲಿ ಚಿನ್ನದಂತೆ ಹೊಳೆಯುತ್ತಿದೆ. ದೊಡ್ಡವರೂ ಹಿಂದೆ ಬಿದ್ದಿಲ್ಲ. ಹಬ್ಬಗಳಲ್ಲಿ ಯಾರೋ ಬಂದು ಬಾತುಗಳಿಗೆ ಟೊಪ್ಪಿಗೆ ತೊಡಿಸುತ್ತಾರೆ. ಊರಿನ ತಂಡ ಆಟದಲ್ಲಿ ಗೆಲ್ಲುವ ಹೊತ್ತಿಗೆ ಒಂಬತ್ತಕ್ಕೂ ತಂಡದ ಅಂಗಿ ಬಂದಿರುತ್ತದೆ. 2020ರಲ್ಲಿ ಮಹಾಮಾರಿ ಹಬ್ಬಿದಾಗ ಒಂಬತ್ತೂ ಮುಖಗವಸು ಧರಿಸಿ ನಿಂತವು. ವಾಷಿಂಗ್ಟನ್ನರ ಕುದುರೆಯ ವಿಷಯದಲ್ಲಿ ಇಂಥ ಸಲಿಗೆಯನ್ನು ಯಾರು ತಾನೆ ವಹಿಸಿಯಾರು!

ಸಂಸ್ಥಾನದ ಅಧಿಕೃತ ಮನ್ನಣೆ ಬಂದುದು ಇವೆಲ್ಲದರ ಬಳಿಕ. ಕ್ಯಾಂಟನ್ ಎಂಬ ಊರಿನ ಮೂರನೆಯ ತರಗತಿಯ ಮಕ್ಕಳು, ಈ ಪುಸ್ತಕವನ್ನು ಮ್ಯಾಸಚೂಸೆಟ್ಸ್ ಸಂಸ್ಥಾನದ ಅಧಿಕೃತ ಮಕ್ಕಳ ಪುಸ್ತಕವೆಂದು ಘೋಷಿಸಬೇಕೆಂದು ಶಾಸನಸಭೆಯನ್ನು ಕೇಳಿಕೊಂಡರು. ಅಲ್ಲಿಯೂ ತಕರಾರು ತಪ್ಪಲಿಲ್ಲ. ಪ್ರಸಿದ್ಧ ಮಕ್ಕಳ ಲೇಖಕ ಡಾಕ್ಟರ್ ಸ್ಯೂಸ್ ಹುಟ್ಟಿದ ಸ್ಪ್ರಿಂಗ್‌ಫೀಲ್ಡಿನ ಪ್ರತಿನಿಧಿಗಳು, ಗೌರವ ತಮ್ಮ ಊರಿನವರಿಗೆ ಸಲ್ಲಬೇಕೆಂದರು. ಕಡೆಗೆ ಇವರನ್ನು ಅಧಿಕೃತ ಲೇಖಕರೆಂದೂ ಅದನ್ನು ಅಧಿಕೃತ ಪುಸ್ತಕವೆಂದೂ ಮಾಡಿ ಸಮಾಧಾನ ಹೇಳಲಾಯಿತು. ಪುಸ್ತಕಕ್ಕೆ ಮನ್ನಣೆ ದೊರೆತ 2003ರಲ್ಲಿಯೇ ಮೆಕ್‌ಕ್ಲಾಸ್ಕಿ ತೀರಿಕೊಂಡರು.

ಬೇಲಿಯಿಲ್ಲದುದಕ್ಕೆ ನಗರ ಬೆಲೆಯನ್ನೂ ತೆತ್ತಿದೆ. ಮರಿಗಳು ಒಂದಕ್ಕಿಂತ ಹೆಚ್ಚು ಸಲ ಕಳುವಾಗಿವೆ. ಕಂಚಿನ ಆಸೆಗೋ ಪುಂಡಾಟಕ್ಕೋ, ರಾತ್ರಿ ಯಾರೋ ಬಂದು ಒಂದನ್ನು ಕೊಯ್ದೊಯ್ದರೆ, ಬೆಳಗ್ಗೆ ಬಂದ ಮಕ್ಕಳಿಗೆ ಸಾಲಿನ ನಡುವೆ ಬರಿಯ ಕಲ್ಲು ಕಾಣುತ್ತದೆ. ಪ್ರತಿಮೆಗಳನ್ನು ಎತ್ತರದ ಪೀಠದ ಮೇಲಿರಿಸಿ ಭದ್ರಪಡಿಸಬಹುದಿತ್ತು. ನಗರ ಹಾಗೆ ಮಾಡಲಿಲ್ಲ. ಹೋದ ಮರಿಯ ಸ್ಥಳದಲ್ಲಿ ಇನ್ನೊಂದನ್ನು ಎರಕ ಹೊಯ್ಯಿಸಿ, ಹಿಂದಿನಂತೆಯೇ ನೆಲದ ಮೇಲೆ, ಕೈಗೆಟುಕುವಂತೆ ನಿಲ್ಲಿಸಿತು.

ಇದೇ ಬಾತುಗಳ ಇನ್ನೊಂದು ಸಾಲು ಮಾಸ್ಕೋ ನಗರದಲ್ಲಿದೆ. 1991ರ ಜುಲೈ ತಿಂಗಳ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಹಾಗೂ ಸೋವಿಯತ್ ಅಧ್ಯಕ್ಷ ಗೋರ್ಬಚೆವ್ ಪರಮಾಣು ಅಸ್ತ್ರಗಳನ್ನು ತಗ್ಗಿಸುವ ಒಪ್ಪಂದಕ್ಕೆ ಅಲ್ಲಿ ಸಹಿ ಹಾಕಿದರು. ಆ ಸಂದರ್ಭದಲ್ಲಿ ಬಾರ್ಬರಾ ಬುಷ್ ಅವರು ರೈಸಾ ಗೋರ್ಬಚೆವಾ ಅವರಿಗೆ ಸೋವಿಯತ್ ಮಕ್ಕಳ ಪರವಾಗಿ ಒಪ್ಪಿಸಿದ ಕಾಣಿಕೆ ನ್ಯಾನ್ಸಿ ಶೋನರೇ ನಿರ್ಮಿಸಿದ ಈ ಬಾತುಗಳು. ನೊವೊದೆವಿಚಿ ಮಠದ ಬಳಿಯ ಉದ್ಯಾನದಲ್ಲಿ, ಕೊಳದ ಸಮೀಪ, ಅವನ್ನು ನಿಲ್ಲಿಸಿದರು. ಆ ವರ್ಷ ಮುಗಿಯುವಷ್ಟರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಮುಂದಿನ ದುರ್ಭಿಕ್ಷದ ದಿನಗಳಲ್ಲಿ ಲೋಹಕ್ಕೆ ಬೆಲೆ ಬಂದು, ಅಲ್ಲಿಯೂ ಮರಿಗಳು ಕಾಣೆಯಾದವು. 2000ದಲ್ಲಿ ಹೊಸ ಮರಿಗಳನ್ನು ಎರಕ ಹೊಯ್ದು ತಂದು, ತಾಯಿಯ ಹಿಂದೆ ಅವುಗಳ ಸ್ಥಾನಗಳಲ್ಲಿ ನಿಲ್ಲಿಸಿದರು.